ಶೆಟ್ಟರನ್ನು ಸೋಲಿಸುವ ಬಗೆ

ಮೊನ್ನೆ ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಕಾರ್ಕಳದ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿದ ಖುಷಿಯಲ್ಲಿ ಚಿಲ್ಲರೆಗೆಂದು ಚೀಲಕ್ಕೆ ಕೈ ಹಾಕಿದೆ. ನನ್ನ ಚೀಲದ ವಿಚಾರ ನಿಮಗೆ ಗೊತ್ತಿಲ್ಲ. ಅದರಲ್ಲಿ ಚಿಲ್ಲರೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಉಂಟು. ಮೊದಲು ಹತ್ತಿಯ ಗಡ್ಡ ಬಂತು. ಆಮೇಲೆ ಒಂಟಿ ಗೆಜ್ಜೆ, ಬಣ್ಣದ ಡಬ್ಬಿಯ ಮುಚ್ಚಳ, ಯಾವ ಮಗುವಿನದೋ ಒಂದು ಕಾಲುಚೀಲ. ಕೊನೆಗೆ ಕೈಗೆ ಸಿಕ್ಕಿದ್ದು ಗೇಣುದ್ದದ ಕಬ್ಬಿಣದ ಬೀಗದಕೈ. ಪಕ್ಕದಲ್ಲಿ ನಿಂತಿದ್ದ ಕಂಡಕ್ಟರ್ ಅದನ್ನು ನೋಡಿ, "ಎಂತ ಟೀಚರೇ, ಯಾವ ಅರಮನೆಯದ್ದು?" ಎಂದ.

"ಬಾವಿಯದ್ದು" ಎಂದೆ.

"ಬಾವಿಗೆ ಬೀಗವಾ?" ಎಂದು ನಕ್ಕು, ಇವರ ಹತ್ತಿರ ಚಿಲ್ಲರೆ ಹುಟ್ಟುವಾಗ ಮಣಿಪಾಲ ದಾಟುತ್ತದೆ ಎಂಬ ಅನುಭವದಿಂದ ಮುಂದಿನ ಸೀಟಿಗೆ ಹೋದ.

ಆ ಬೀಗದಕೈ ಉಡುಪಿಯ ಗುಜರಿ ಅಂಗಡಿಯೊಂದರಿಂದ ತಂದದ್ದು. ಲೋಕದ ಯಾವ ಬೀಗವನ್ನೂ ಅದು ತೆರೆಯುವುದಿಲ್ಲ. ಆದರೂ ಅದನ್ನು ನೋಡಿದರೆ ನನಗೆ ಶಾಂತವ್ವ ನೆನಪಾಗುತ್ತಾರೆ, ಕರುಣಾಕರ ಶೆಟ್ಟರು ನೆನಪಾಗುತ್ತಾರೆ, ನಾನು ಬರೆದು ರಂಗದ ಮೇಲೆ ಯಾರೂ ಪೂರ್ತಿ ಆಡದೆ ಉಳಿದ ನಾಲ್ಕು ವಾಕ್ಯಗಳು ನೆನಪಾಗುತ್ತವೆ. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷ ಇತ್ತು, ಅಷ್ಟರಲ್ಲಿ ಎಲ್ಲ ಕಣ್ಣ ಮುಂದೆ ಬಂತು. ಹೇಳಿಯೇ ಬಿಡುತ್ತೇನೆ.

ನಾನು ನಾಟಕದ ಟೀಚರ್. ಹೀಗೆಂದರೆ ಹೆಚ್ಚಿನವರು, "ಓ, ಡ್ಯಾನ್ಸ್?" ಎನ್ನುತ್ತಾರೆ. ಅಲ್ಲ, ನಾಟಕ ಎಂದರೆ, "ಅದು ಸರಿ, ಮತ್ತೆ ಕೆಲಸ ಎಂತದು?" ಎನ್ನುತ್ತಾರೆ. ವಾರಕ್ಕೆ ಎರಡು ದಿನ ಮಣಿಪಾಲದಲ್ಲಿ ಕಾಲೇಜು ಮಕ್ಕಳಿಗೆ, ಎರಡು ದಿನ ಕಾರ್ಕಳದಲ್ಲಿ ಶಾಲೆಯ ಮಕ್ಕಳಿಗೆ, ಭಾನುವಾರ ಕಾಪುವಿನಲ್ಲಿ ಊರವರಿಗೆ. ಉಳಿದ ದಿನ ಬೆನ್ನುನೋವು. ಮಣಿಪಾಲದ ಮಕ್ಕಳು ಬಹಳ ಶ್ರದ್ಧೆಯವರು. "ನೀನು ಬಾಗಿಲು ತೆರೆದು ಒಳಗೆ ಬಾ" ಎಂದರೆ, "ಮೇಡಂ, ನಾನು ಯಾಕೆ ಬರುತ್ತೇನೆ? ನನ್ನ ಮೋಟಿವೇಷನ್ ಏನು?" ಎಂದು ಕೇಳಿ ಬಾಗಿಲ ಹೊರಗೇ ನಿಲ್ಲುತ್ತಾರೆ. ಕಾರ್ಕಳದ ಮಕ್ಕಳಿಗೆ ಆ ಚಿಂತೆಯಿಲ್ಲ. ಅವರು ಯಕ್ಷಗಾನ ನೋಡಿ ಬೆಳೆದವರು. ರಾಜನಾಗಲಿ, ಪೊಲೀಸನಾಗಲಿ, ಗಿರಕಿ ಹೊಡೆದೇ ಬರುತ್ತಾರೆ. ಒಮ್ಮೆ ನರ್ಸಿನ ಪಾತ್ರದ ಹುಡುಗಿಯೊಬ್ಬಳು ಕೈಯಲ್ಲಿ ಥರ್ಮಾಮೀಟರ್ ಹಿಡಿದು ಮೂರು ಸುತ್ತು ತಿರುಗಿ, ರೋಗಿಯ ಮುಂದೆ ಕಾಲು ಅಪ್ಪಳಿಸಿ ನಿಂತಳು. ಪರವೂರಿಗೆ ಹೋಗಿ ಮೂರು ವರ್ಷ ನಾಟಕ ಕಲಿತು ಬಂದ ನಾನು ಈ ಗಿರಕಿಯ ಚಟ ಬಿಡಿಸಲು ಎರಡು ವರ್ಷ ಒದ್ದಾಡಿದೆ. ಈಗ ಬಿಟ್ಟಿದ್ದೇನೆ. ನರ್ಸು ತಿರುಗಿದರೆ ತಿರುಗಲಿ, ರೋಗಿಗೆ ಅದರಿಂದ ತೊಂದರೆಯಾದದ್ದು ನಾನು ಕಂಡಿಲ್ಲ.

ಹಾಗೆ ನೋಡಿದರೆ ನನ್ನ ರಕ್ತದಲ್ಲೂ ಅದೇ ಇರುವುದು. ನನ್ನ ಬಾಲ್ಯ ಕಳೆದದ್ದು ಎಲ್ಲೂರಿನಲ್ಲಿ. ಅಪ್ಪ ಶಾಲಾ ಮೇಷ್ಟ್ರು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನನ್ನನ್ನು ತಾಳಮದ್ದಳೆಗೆ ಕರೆದುಕೊಂಡು ಹೋಗುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುವುದು, ಬಿಳಿ ಪಂಚೆಯುಟ್ಟ ಇಬ್ಬರು ಎದುರುಬದುರು ಕುಳಿತು ಆ ಪದ್ಯದ ಮೇಲೆ ತಮಗೆ ತೋಚಿದ ಮಾತು ಕಟ್ಟಿ ವಾದಿಸುವುದು. ಅದೇ ತಾಳಮದ್ದಳೆ. ಹಾಗೆ ಮಾತು ಕಟ್ಟುವವರನ್ನು ಅರ್ಥಧಾರಿ ಎನ್ನುತ್ತಾರೆ. ಅವರ ಕೈಯಲ್ಲಿ ಪುಸ್ತಕ ಇರುವುದಿಲ್ಲ. ಎದುರಿನವನು ಏನು ಕೇಳುತ್ತಾನೆಂದು ಕೇಳುವ ತನಕ ಗೊತ್ತಿರುವುದಿಲ್ಲ. ನಾನು ಅಪ್ಪನ ತೊಡೆಗೆ ಒರಗಿ, ಇನ್ನೇನು ಇವರಿಬ್ಬರೂ ಹೊಡೆದಾಡುತ್ತಾರೆ ಎಂದು ಹೆದರಿ ಕುಳಿತಿರುತ್ತಿದ್ದೆ. ಮಂಗಳ ಹಾಡಿದ ಮೇಲೆ ನೋಡಿದರೆ ಇಬ್ಬರೂ ಒಂದೇ ತಟ್ಟೆಯಿಂದ ವೀಳ್ಯ ಹಾಕಿಕೊಳ್ಳುತ್ತಾ, ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಿದ್ದರು. ನನಗೆ ಮೋಸ ಹೋದ ಹಾಗೆ ಅನಿಸುತ್ತಿತ್ತು.

ಕಾಪುವಿನ ಭಾನುವಾರದ ಗುಂಪಿಗೆ ಕರುಣಾಕರ ಶೆಟ್ಟರು ಬಂದದ್ದು ಈ ಲೋಕದಿಂದ. ಹುಟ್ಟೂರು ಕಾರ್ಕಳ. ಅಂಚೆ ಇಲಾಖೆಯ ಕೆಲಸದಿಂದ ಕಾಪುವಿನಲ್ಲಿ ನಿವೃತ್ತರಾಗಿ ಅಲ್ಲೇ ಉಳಿದವರು. ನಲವತ್ತು ವರ್ಷದ ಹವ್ಯಾಸಿ ಅರ್ಥಧಾರಿ. ಬಿಳಿ ಅಂಗಿ, ಹೆಗಲ ಮೇಲೆ ಮಡಚಿದ ಶಾಲು, ಕಂಚಿನ ಧ್ವನಿ. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು, "ಟೀಚರೇ, ನನಗೆ ಎಂತ ಪಾತ್ರ ಕೊಟ್ಟರೂ ಅಡ್ಡಿಯಿಲ್ಲ. ಎದುರಿಗೆ ಸರಿಯಾದ ಜನ ಇರಬೇಕು, ಅಷ್ಟೇ" ಎಂದರು. ನಾನು ಅದನ್ನು ವಿನಯವೆಂದು ತಿಳಿದೆ.

ಶಾಂತವ್ವ ಬಂದದ್ದು ಇನ್ನೊಂದು ಬಾಗಿಲಿನಿಂದ. ಸರಿಯಾಗಿ ಹೇಳಬೇಕೆಂದರೆ ಅವರು ಬಾಗಿಲೊಳಗೆ ಬಂದಿರಲೇ ಇಲ್ಲ. ಮಗಳು ಲಕ್ಷ್ಮಿಯನ್ನು ಅದೇ ಭಾನುವಾರ ನಾನು ನಡೆಸುತ್ತಿದ್ದ ಮಕ್ಕಳ ತರಗತಿಗೆ ಬಿಟ್ಟು ಚಪ್ಪಲಿಗಳ ಪಕ್ಕ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಕೊಪ್ಪಳದ ಕಡೆಯವರು. ಗಂಡ ಗಾರೆ ಕೆಲಸದ ಮೇಸ್ತ್ರಿ. ಇವರು ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಆರರ ಬಸ್ಸಿಗೆ ಮಣಿಪಾಲಕ್ಕೆ ಹೋಗಿ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದರು. ಕಾಪುವಿಗೆ ಬಂದು ಹತ್ತು ವರ್ಷ, ಈಗ ವಾಸ ಸಾಲುಕೋಣೆಗಳ ಲೈನ್‌ಮನೆಯೊಂದರಲ್ಲಿ. ಒಳಗೆ ಬನ್ನಿ ಎಂದು ನಾನು ಕರೆದಾಗಲೆಲ್ಲ ತಲೆಯಾಡಿಸುತ್ತಿದ್ದರು. ನಾಲ್ಕನೆಯ ವಾರ ಕೈಹಿಡಿದು ಎಳೆದೆ. ಒಳಗೆ ಬಂದರು, ಆದರೆ ಮಾತಿಲ್ಲ.

"ನಾ ಮಾತಾಡಿದ್ರ ಮಂದಿ ನಗ್ತಾರ್ರೀ ಟೀಚರ" ಎಂದರು, ಒಂದು ದಿನ ನಾನು ಬಿಡದೆ ಕೇಳಿದಾಗ. "ಅಂಗಡ್ಯಾಗ ನಗ್ತಾರ, ಬಸ್ಸಿನ್ಯಾಗ ನಗ್ತಾರ. ಈಗ ನಮ್ಮ ಲಕ್ಷ್ಮೀನೂ ಸಾಲಿ ಮೀಟಿಂಗಿಗೆ ಹೋದ್ರ, ಅವ್ವಾ ನೀ ಸೈನ್ ಅಷ್ಟ ಹಾಕು, ಮಾತಾಡಬ್ಯಾಡ ಅಂತಾಳ್ರೀ. ಅದಕ್ಕ ಸುಮ್ನಿರತೀನಿ."

ಹೇಳಿದ್ದು ನಗುತ್ತಲೇ. ನನಗೆ ಮಾತ್ರ ಎಲ್ಲೋ ಚುಚ್ಚಿತು. ಯಾಕೆಂದರೆ ಆ ಕೋಣೆಯಲ್ಲಿ ಕನ್ನಡ ಉಳಿದ ಯಾರ ಮನೆಯ ಭಾಷೆಯೂ ಅಲ್ಲ. ನನ್ನ ಮನೆಯಲ್ಲಿ ಕೊಂಕಣಿ. ಶೆಟ್ಟರದ್ದು ತುಳು. ನಮ್ಮ ವೇಷಭೂಷಣ ನೋಡಿಕೊಳ್ಳುವ ನಫೀಸಾ, ಕಾಪು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಮನೆಯಲ್ಲಿ ಬ್ಯಾರಿ ಮಾತಾಡುವವಳು. ನಾವೆಲ್ಲ ಶಾಲೆಗೆ ಹೋಗಿ ಕನ್ನಡ ಕಲಿತವರು, ಇಸ್ತ್ರಿ ಮಾಡಿದ ಅಂಗಿಯನ್ನು ಜೋಪಾನ ಮಾಡುವ ಹಾಗೆ ಅದನ್ನು ಆಡುವವರು. ತಾಯಿಯ ಹೊಟ್ಟೆಯಿಂದಲೇ ಕನ್ನಡ ತಂದ ಒಬ್ಬರು ನಮ್ಮ ನಡುವೆ ಇದ್ದರೆ ಅದು ಶಾಂತವ್ವ. ಬಾಯಿ ಮುಚ್ಚಿಕೊಂಡಿದ್ದವರೂ ಅವರೇ. ಈ ಮಾತನ್ನು ನಾನು ನಫೀಸಾಳಿಗೆ ಹೇಳಿದೆ. ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಹೌದಲ್ವಾ ಟೀಚರೇ. ನಾವು ಎಂತ ಜನ ಮಾರಾಯ್ರೆ" ಎಂದಳು.

ಆ ವರ್ಷ ಹೊಸ ನಾಟಕ ಕಟ್ಟುವುದೆಂದು ಆಯಿತು. ಪ್ರತಿಯೊಬ್ಬರೂ ನೀರಿಗೆ ಸಂಬಂಧಿಸಿದ ಒಂದು ನೆನಪು ತನ್ನಿ ಎಂದಿದ್ದೆ. ಶಾಂತವ್ವ ತಂದದ್ದು ಬಹಳ ಸಣ್ಣದು. ಬಂದ ಹೊಸತರಲ್ಲಿ ಅವರಿದ್ದ ಮೊದಲ ಬಾಡಿಗೆ ಕೋಣೆಯ ಮಾಲೀಕರು ಬೇಸಗೆಯಲ್ಲಿ ಬಾವಿಕಟ್ಟೆಯ ಗೇಟಿಗೆ ಬೀಗ ಹಾಕುತ್ತಿದ್ದರಂತೆ. "ಕೇಳಬೇಕು ಅನಿಸ್ತಿತ್ರೀ. ಕೇಳ್ಲಿಲ್ಲ" ಎಂದು ಮುಗಿಸಿದರು. ನಾಟಕ ಅದರಿಂದಲೇ ಹುಟ್ಟಿತು. ಮಾಲೀಕ ಬಾವಿಗೆ ಬೀಗ ಹಾಕುತ್ತಾನೆ. ಬಾಡಿಗೆಯವಳು ಕೊಡ ಹಿಡಿದು ಎದುರು ನಿಂತು ಕೇಳುತ್ತಾಳೆ. ಅವನು ಉತ್ತರವಿಲ್ಲದೆ ಬೀಗದಕೈ ಇಟ್ಟು ಹೋಗುತ್ತಾನೆ. ಅವಳ ಪಾತ್ರ ಶಾಂತವ್ವನೇ ಮಾಡಬೇಕೆಂದು ನಾನು ಹಟ ಹಿಡಿದೆ. ಮೂರು ವಾರ ಒಲ್ಲೆ ಎಂದವರು ನಾಲ್ಕನೆಯ ವಾರ, "ಆತ್ರೀ. ಲಕ್ಷ್ಮೀ ಮುಂದ ಒಮ್ಮಿ ಮಾತಾಡಿಬಿಡ್ತೀನಿ. ನಗಬಾರದ್ರೀ ಮಂದಿ, ಅಷ್ಟ" ಎಂದರು. ನಗಲು ನಾನು ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಕೊಡುವುದು ಸುಲಭ.

ಮಾಲೀಕನ ಪಾತ್ರಕ್ಕೆ ಶೆಟ್ಟರಿಗಿಂತ ಒಳ್ಳೆಯವರು ಎಲ್ಲಿ ಸಿಗುತ್ತಾರೆ? ಅವರಿಗೆ ಎರಡು ವಾಕ್ಯ ಬರೆದೆ: "ಈ ಬಾವಿ ನನ್ನ ಅಜ್ಜ ತೋಡಿಸಿದ್ದು. ಹೊರಗಿನಿಂದ ಬಂದವರಿಗೆ ಇದರಲ್ಲಿ ಹಕ್ಕಿಲ್ಲ." ಶಾಂತವ್ವನಿಗೆ ನಾಲ್ಕು ವಾಕ್ಯ. ಅದರಲ್ಲೊಂದು ಕಡೆ ನೀರನ್ನು ಭೂಮಿತಾಯಿಯ ಎದೆಹಾಲು ಎಂದು ಬರೆದಿದ್ದೆ. ಬರೆಯುವಾಗ ನನ್ನ ಕಣ್ಣೇ ಒದ್ದೆಯಾಗಿತ್ತು. ಈಗ ಓದಿದರೆ ನಾಚಿಕೆಯಾಗುತ್ತದೆ, ಆದರೆ ಆಗ ಅದನ್ನು ದಿನಕ್ಕೆ ಎರಡು ಸಲ ತೆರೆದು ನೋಡಿ ಸಂತೋಷಪಡುತ್ತಿದ್ದೆ. ಶಾಂತವ್ವನಿಗೆ ಓದು ಅಷ್ಟಕ್ಕಷ್ಟೇ. ಲಕ್ಷ್ಮಿಯೇ ಮನೆಯಲ್ಲಿ ಓದಿ ಹೇಳಿಕೊಡುತ್ತಿದ್ದಳು. ಅವಳು ಹೇಳಿಕೊಟ್ಟದ್ದು ನಮ್ಮ ಕರಾವಳಿಯ ಇಸ್ತ್ರಿ ಮಾಡಿದ ಕನ್ನಡದಲ್ಲಿ. ತಾಯಿ ಅದನ್ನು ಅಕ್ಷರ ತಪ್ಪದೆ ಒಪ್ಪಿಸಿದಾಗ ನಾನು, "ಎಷ್ಟು ಸ್ವಚ್ಛ ಉಚ್ಚಾರ" ಎಂದು ಬೆನ್ನು ತಟ್ಟಿದೆ. ನನ್ನ ಬುದ್ಧಿಗೆ ಏನಾಗಿತ್ತೋ.

ತಾಲೀಮಿನ ಮೊದಲ ದಿನವೇ ಶೆಟ್ಟರ ಎರಡು ವಾಕ್ಯ ಹನ್ನೆರಡಾದವು. ಅಜ್ಜನಿಂದ ಹೊರಟವರು ಪಾತಾಳಗಂಗೆಗೆ ಹೋಗಿ, ಅಲ್ಲಿಂದ ರಾಜಧರ್ಮಕ್ಕೆ ಬಂದು, "ಹೀಗಿರುವಾಗ ನಿನ್ನ ವಾದವೇನು?" ಎಂದು ಶಾಲು ಸರಿಪಡಿಸಿ ನಿಂತರು. ಶಾಂತವ್ವ ಕೊಡ ಹಿಡಿದು ಕಾದು, "ಮುಗೀತೇನ್ರೀ?" ಎಂದು ಕೇಳಿ, ತಮ್ಮ ನಾಲ್ಕು ವಾಕ್ಯ ಒಪ್ಪಿಸಿದರು.

"ಶೆಟ್ಟರೇ, ಪುಸ್ತಕದಲ್ಲಿ ಎರಡೇ ವಾಕ್ಯ ಇರುವುದು" ಎಂದೆ.

"ಹೌದು ಟೀಚರೇ. ಆದರೆ ನಾನು ಕೇಳಿದ್ದಕ್ಕೂ ಇವರು ಹೇಳಿದ್ದಕ್ಕೂ ಸಂಬಂಧವೇ ಇಲ್ಲವಲ್ಲ?"

"ಸಂಬಂಧ ಬೇಡ. ಇಲ್ಲಿ ನೀವು ಸೋಲಬೇಕು."

"ಸೋಲುವುದಕ್ಕೆ ನನಗೆ ಅಭ್ಯಂತರ ಇಲ್ಲ" ಎಂದರು ಶೆಟ್ಟರು, ಬಹಳ ಸಮಾಧಾನದಿಂದ. "ಸೋಲಿಸಬೇಕಲ್ಲ."

ಮುಂದಿನ ವಾರ ಹೊಸ ವಾದ. ಅದರ ಮುಂದಿನ ವಾರ ಮತ್ತೊಂದು. ಪುಸ್ತಕ ನೋಡಿ ಸೋಲುವುದು ಆ ಮನುಷ್ಯನ ಮೈಯಲ್ಲೇ ಇರಲಿಲ್ಲ. ನಲವತ್ತು ವರ್ಷ ಎದುರಿನವನ ಮಾತು ಕೇಳಿ ಮಾತಾಡಿದವರು. ಪದ್ಯದಲ್ಲಿ ಸೋಲು ಬರೆದಿದ್ದರೂ ಮಾತಿನಲ್ಲಿ ಗೆದ್ದೇ ಸೋಲುವವರು. ನನಗೆ ತಲೆ ಕೆಟ್ಟು ಒಂದು ದಿನ ಜೋರಾಗಿಯೇ ರೇಗಿದೆ. ಆ ಹೆಂಗಸಿಗೆ ಇದೇ ಮೊದಲ ಸಲ, ನಿಮಗೆ ಇದು ಆಟ, ಅವರಿಗಲ್ಲ ಎಂದೆ. ಶೆಟ್ಟರ ಮುಖ ಸಣ್ಣದಾಯಿತು. ಪುಸ್ತಕ ಮುಟ್ಟಿ, "ಎರಡೇ ವಾಕ್ಯ" ಎಂದು ಮಾತು ಕೊಟ್ಟರು. ಆಮೇಲಿನ ತಾಲೀಮುಗಳಲ್ಲಿ ಅದನ್ನು ಉಳಿಸಿಕೊಂಡರು ಕೂಡ. ಎರಡು ವಾಕ್ಯ ಹೇಳಿ ಬಾಯಿ ಮುಚ್ಚುವಾಗ ಅವರ ಕುತ್ತಿಗೆಯ ನರ ಉಬ್ಬುವುದನ್ನು ನೋಡಿ ನನಗೆ ಪಾಪ ಅನಿಸುತ್ತಿತ್ತು.

ಕಾಪುವಿನಲ್ಲಿ ಮೊದಲ ಪ್ರದರ್ಶನ ಒಂದು ಶನಿವಾರ ಸಂಜೆ. ಹಾಲ್ ಬಹುತೇಕ ತುಂಬಿತ್ತು. ಮುಂದಿನ ಸಾಲಿನಲ್ಲಿ ಪೇಟೆಯ ಅಂಗಡಿಯವರು, ನಫೀಸಾಳ ಕಡೆಯ ಹೆಂಗಸರು, ಮೀನಿನ ಕೆಲಸ ಮುಗಿಸಿ ಮಿಂದು ಬಂದ ಕಡಲ ಬದಿಯವರು. ಹಿಂದೆ ಗೋಡೆಗೆ ತಾಗಿ ಲೈನ್‌ಮನೆಗಳ ಜನ. ಕುರ್ಚಿ ಖಾಲಿಯಿದ್ದರೂ ಅವರು ನಿಂತೇ ಇದ್ದರು. ಎರಡನೆಯ ಸಾಲಿನ ತುದಿಯಲ್ಲಿ ಲಕ್ಷ್ಮಿ, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ತಾಯಿ ಎಲ್ಲಿ ತಪ್ಪುತ್ತಾಳೋ ಎಂದು ಕಾಯುತ್ತಿದ್ದಳು. ನಾನು ನೋಡದೆ ಹೋದದ್ದು ಒಂದನ್ನೇ. ಮುಂದಿನ ಸಾಲಿನ ನಡುವೆ ಕಾರ್ಕಳದಿಂದ ಬಂದ ಒಬ್ಬ ವೃದ್ಧರು ಕುಳಿತಿದ್ದರು, ಶೆಟ್ಟರ ಹಳೆಯ ಭಾಗವತರು. ನಲವತ್ತು ವರ್ಷ ಯಾರ ಪದ್ಯಕ್ಕೆ ಮಾತು ಕಟ್ಟಿದ್ದರೋ ಅವರೇ.

ಆ ದೃಶ್ಯ ಬಂತು. ಶೆಟ್ಟರು ಬೀಗ ಹಾಕಿದರು. ಎರಡು ವಾಕ್ಯ ಹೇಳಿದರು. ನಾನು ಪರದೆಯ ಪಕ್ಕ ನಿಂತು ಉಸಿರು ಬಿಟ್ಟೆ. ಶಾಂತವ್ವ ಬಾಯಿ ತೆರೆದು ಮೊದಲ ವಾಕ್ಯ ಹೇಳಿದರು, ಎರಡನೆಯದು ಶುರು ಮಾಡಿದರು. ಆಗ ಭಾಗವತರು ಸುಮ್ಮನೆ ಒಮ್ಮೆ ಗಂಟಲು ಸರಿಮಾಡಿಕೊಂಡರು. ಶೆಟ್ಟರ ತಲೆ ಆ ಕಡೆ ತಿರುಗಿತು. ಅಲ್ಲಿಗೆ ಎಲ್ಲ ಮುಗಿಯಿತು.

"ನಿಲ್ಲು" ಎಂದರು ಶೆಟ್ಟರು. "ಅದು ಬಾಯಿಪಾಠ. ಎದೆಹಾಲು ಗಿದೆಹಾಲು ಎಲ್ಲ ನಾನು ಕೇಳಲಿಲ್ಲ. ನೀನು ಹೊರಗಿನಿಂದ ಬಂದವಳು. ನಿನಗೂ ಈ ಬಾವಿಗೂ ಎಂತ ಸಂಬಂಧ? ನನ್ನ ಪ್ರಶ್ನೆಗೆ ಉತ್ತರ ಕೊಡು."

ಲೈಟ್ ಆರಿಸಿಬಿಡಿ ಎಂದು ಹೇಳಲು ಹೊರಟವಳನ್ನು ನಫೀಸಾ ಮೊಣಕೈ ಹಿಡಿದು ನಿಲ್ಲಿಸಿದಳು. ಶಾಂತವ್ವ ಕಲಿತ ಮಾತು ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಎರಡನೆಯ ಸಾಲಿನಲ್ಲಿ ಲಕ್ಷ್ಮಿ ತುಟಿ ಅಲ್ಲಾಡಿಸಿ ಮುಂದಿನ ವಾಕ್ಯ ತೋರಿಸುತ್ತಿದ್ದಳು. ತಾಯಿ ಆ ಕಡೆ ನೋಡಲಿಲ್ಲ. ನಾನು ಕೊಟ್ಟ ಮಾತು ನೆನಪಾಗಿ ನನಗೆ ಅಳು ಬಂತು.

"ಶೆಟ್ರ" ಎಂದರು ಶಾಂತವ್ವ. "ಒಂದ್ ಮಾತ್ ಕೇಳ್ತೀನಿ, ಹೇಳ್ರಿ. ನಿಮ್ಮವ್ವ ಈ ಮನ್ಯಾಗ ಹುಟ್ಟಿದಾಕೇನ್ರೀ, ಹೊರಗಿಂದ ಬಂದಾಕೇನ್ರೀ?"

ಮುಂದಿನ ಸಾಲುಗಳಲ್ಲಿ ಕೆಲವರು ಕಿಸಕ್ಕೆಂದರು. ಅಲ್ಲೇ ಯಾರೋ, "ಘಟ್ಟದ ಮೇಲಿನವರ ಭಾಷೆ" ಎಂದದ್ದೂ ಕೇಳಿಸಿತು. ಯಾವುದಕ್ಕೆ ಹತ್ತು ವರ್ಷ ಬಾಯಿ ಮುಚ್ಚಿದ್ದರೋ ಅದೇ ನಗು. ಶಾಂತವ್ವ ಜನರ ಕಡೆ ತಿರುಗಿದರು. ಕೊಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದರು. "ಮುಗೀತೇನ್ರೀ?" ಎಂದು ಕೇಳಿದರು, ತಾಲೀಮಿನಲ್ಲಿ ಶೆಟ್ಟರನ್ನು ಕೇಳುತ್ತಿದ್ದಂತೆಯೇ, ಕೋಪವಿಲ್ಲದೆ. ನಗು ನಿಂತಿತು.

ಶೆಟ್ಟರ ಕಣ್ಣು ಹೊಳೆಯಿತು. ಪಾಪ, ಎದುರಾಳಿ ಸಿಕ್ಕಿದ ಸಂತೋಷ. "ಇದು ಪ್ರಶ್ನೆ" ಎಂದು ಶಾಲು ಕೊಡವಿದರು. "ಆದರೆ ನೀನು ಇಲ್ಲಿಯ ಕ್ರಮ ತಿಳಿಯದೆ ಕೇಳಿದೆ. ಲೋಕದಲ್ಲಿ ಹೆಣ್ಣು ಗಂಡನ ಮನೆಗೆ ಬರುತ್ತಾಳೆ, ಹಾಗಾಗಿ ಅವಳೂ ಬಂದವಳು ಎಂದು ಹೇಳುವ ಅಂದಾಜು ನಿನ್ನದು. ನಮ್ಮದು ಅಳಿಯಕಟ್ಟು. ನಮ್ಮಲ್ಲಿ ಮನೆ ಹೆಣ್ಣಿನದ್ದು. ನನ್ನ ತಾಯಿ ಹುಟ್ಟಿದ್ದು ಇದೇ ಮನೆಯಲ್ಲಿ. ಅವಳ ತಾಯಿ ಹುಟ್ಟಿದ್ದೂ ಇದೇ ಮನೆಯಲ್ಲಿ. ಹೊರಗಿನಿಂದ ಬರುವವರು ಗಂಡಸರು. ಹೆಂಗಸರಲ್ಲ."

ಹಾಲ್‌ನಲ್ಲಿ ಚಪ್ಪಾಳೆ. ಭಾಗವತರೂ ತಲೆದೂಗಿದರು. ಶಾಂತವ್ವ ತಲೆ ತಗ್ಗಿಸಿ ಯೋಚಿಸುತ್ತಿದ್ದರು. ಚಪಾತಿಯ ಹಿಟ್ಟು ಹದಕ್ಕೆ ಬಂತೇ ಎಂದು ಬೆರಳಿನಿಂದ ಒತ್ತಿ ನೋಡುವವರ ಮುಖ.

"ಹಂಗಾರ ನಿಮ್ಮಲ್ಲಿ ಗಂಡಸ್ರು ಹೊರಗಿಂದ ಬರ್ತಾರ."

"ಹೌದು."

"ನಿಮ್ಮಜ್ಜೀನ ಲಗ್ನ ಆದ ನಿಮ್ಮಜ್ಜನೂ?"

ಶಾಲು ಸರಿಪಡಿಸಲು ಹೋದ ಶೆಟ್ಟರ ಕೈ ಅರ್ಧಕ್ಕೇ ನಿಂತಿತು.

"ಈ ಬಾವಿ ತೋಡಿಸಿದಾಂವ ನಿಮ್ಮಜ್ಜ ಅಂತ ನೀವ ಹೇಳೀರಿ. ನಿಮ್ಮಜ್ಜ ಹೊರಗಿಂದ ಬಂದಾಂವ ಅಂತಾನೂ ನೀವ ಹೇಳೀರಿ. ಹೊರಗಿಂದ ಬಂದಾಂವ ಒಬ್ಬ ಇಲ್ಲಿ ಬಾವಿ ತೋಡಿಸಿದ, ಮನೀ ಮಂದಿ ಎಲ್ಲಾ ಕುಡದ್ರಿ. ಹೊರಗಿಂದ ಬಂದಾಕಿ ನಾ ಒಂದು ಕೊಡ ಕೇಳಾಕ ಹತ್ತೀನಿ. ಬೀಗಾ ಯಾಕ್ರೀ?"

ಶೆಟ್ಟರು ಭಾಗವತರ ಕಡೆ ನೋಡಿದರು. ಅವರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು. ಶೆಟ್ಟರು ನಿಧಾನಕ್ಕೆ ಬೀಗದಕೈಯನ್ನು ಬಾವಿಕಟ್ಟೆಯ ಮೇಲಿಟ್ಟರು. ಹೆಗಲ ಶಾಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನನ್ನಲ್ಲಿ ಉತ್ತರ ಇಲ್ಲ ತಾಯಿ" ಎಂದು ಹೇಳಿ ನಡೆದು ಹೋದರು. ಪುಸ್ತಕದಲ್ಲಿ ಆ ಮಾತು ಇರಲಿಲ್ಲ. ಹಿಂದೆ ಗೋಡೆಗೆ ಒರಗಿ ನಿಂತಿದ್ದವರಲ್ಲಿ ಯಾರೋ ಸಿಳ್ಳೆ ಹಾಕಿದರು. ಆಮೇಲೆ ನನಗೆ ಏನೂ ಕೇಳಿಸಲಿಲ್ಲ, ಅಷ್ಟು ಗದ್ದಲ.

ಈ ಎಲ್ಲ ಅನಾಹುತಕ್ಕೆ ದಾರಿ ಮಾಡಿಕೊಟ್ಟವಳು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಳಿಯಕಟ್ಟಿನ ಮನೆಯ ಯಜಮಾನನ ಬಾಯಲ್ಲಿ, "ನನ್ನ ಅಜ್ಜ ತೋಡಿಸಿದ್ದು" ಎಂದು ಬರೆದವಳು ನಾನು. ಅಂಥ ಮನೆಗಳಲ್ಲಿ ಆಡಳಿತ ನಡೆಸುವವನು ತಾಯಿಯ ಅಣ್ಣ. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದ ನನಗೆ ಅದು ಗೊತ್ತಿಲ್ಲದ್ದಲ್ಲ. ನಮ್ಮ ಮನೆಯ ಬಾವಿ ನನ್ನ ಅಪ್ಪನ ಅಪ್ಪ ತೋಡಿಸಿದ್ದು, ಅದೇ ಗುಂಗಿನಲ್ಲಿ ಬರೆದುಬಿಟ್ಟೆ. ನಲವತ್ತು ವರ್ಷದ ಅರ್ಥಧಾರಿ ಅದನ್ನು ತಿಂಗಳುಗಟ್ಟಲೆ ಹೇಳಿದರೂ ಅವರಿಗೂ ಹೊಳೆಯಲಿಲ್ಲ. ಹೊಳೆದದ್ದು ಕೊಪ್ಪಳದವರಿಗೆ.

ಅದು ಆಮೇಲಿನ ವಿವೇಕ. ಆ ಹೊತ್ತಿಗೆ ನಾನು ಉರಿಯುತ್ತಿದ್ದೆ. ವೇಷದ ಕೋಣೆಯಲ್ಲಿ ಶೆಟ್ಟರು ಕುರ್ಚಿಯಲ್ಲಿ ಕುಳಿತು ನೀರು ಕುಡಿಯುತ್ತಿದ್ದರು. ಪುಸ್ತಕ ಮುಟ್ಟಿ ಮಾತು ಕೊಟ್ಟವರು ನೀವು ಎಂದೆ.

"ತಪ್ಪಾಯಿತು ಟೀಚರೇ" ಎಂದರು. ಮತ್ತೊಂದು ಗುಟುಕು ನೀರು ಕುಡಿದು, "ಆದರೆ ನಾನು ಸುಮ್ಮನೆ ಬೀಗದಕೈ ಇಟ್ಟು ಹೋಗಿದ್ದರೆ ಅದು ನಾವು ಅವರಿಗೆ ಕೊಟ್ಟ ಹಾಗಾಗುತ್ತಿತ್ತು. ಈಗ ಅವರು ತೆಗೆದುಕೊಂಡರು" ಎಂದರು.

"ಅವರಿಗೆ ಉತ್ತರ ಹೊಳೆಯದೇ ಹೋಗಿದ್ದರೆ?"

ಶೆಟ್ಟರು ಲೋಟ ಕೆಳಗಿಟ್ಟರು. "ಅದನ್ನು ನಾನು ಯೋಚಿಸಲಿಲ್ಲ" ಎಂದರು. ನಾನು ಮುಂದೆ ರೇಗಲಿಲ್ಲ. ಅವರ ತಪ್ಪು ದೊಡ್ಡದೋ ನನ್ನದು ದೊಡ್ಡದೋ ಎಂಬುದು ಇವತ್ತಿಗೂ ನನಗೆ ತಿಳಿಯದು. ಅವರು ಶಾಂತವ್ವನನ್ನು ನಡುನೀರಿನಲ್ಲಿ ಬಿಟ್ಟರು, ನಿಜ. ನಾನೋ, ನೀರಿಗೆ ಇಳಿಯಲೇ ಬಿಟ್ಟಿರಲಿಲ್ಲ. ನನ್ನ ನಾಲ್ಕು ವಾಕ್ಯಗಳನ್ನು ಅವರ ಬಾಯಲ್ಲಿಟ್ಟು, ಅವರ ಮಗಳ ಉಚ್ಚಾರ ಹೊದಿಸಿ, ಯಾರೂ ನಗದ ಹಾಗೆ ಕಾಪಾಡಿದೆ ಎಂದುಕೊಂಡಿದ್ದೆ. ಮಾತಾಡಿಸುತ್ತೇನೆಂದು ಕರೆತಂದು ಇನ್ನೊಂದು ಬಗೆಯಲ್ಲಿ ಬಾಯಿ ಮುಚ್ಚಿಸಿದ್ದೆ. ಇದನ್ನು ಯೋಚಿಸಿದರೆ ನನಗೆ ಈಗಲೂ ಬೇಸರವಾಗುತ್ತದೆ.

ಹೊರಗೆ ಲಕ್ಷ್ಮಿ ಅಳುತ್ತಿದ್ದಳು. "ಅಮ್ಮ ಪಾಠ ಪೂರ್ತಿ ಬಿಟ್ಟುಬಿಟ್ಟರು ಟೀಚರ್. ಮನೆಯಲ್ಲಿ ಸರಿಯಾಗಿ ಹೇಳಿದ್ದರು" ಎಂದು ದೂರು ಕೊಟ್ಟಳು. ಶಾಂತವ್ವ ಸೆರಗಿನಿಂದ ಅವಳ ಮೂಗು ಒರೆಸಿ, "ನೀ ಕಲಿಸಿದ್ದು ತಲ್ಯಾಗ ಐತಿ ಬಿಡವ್ವ. ಇವತ್ತು ಕೇಳಿದಾವ್ರು ಬ್ಯಾರೆ ಕೇಳಿದ್ರು" ಎಂದರು. ಅಷ್ಟರಲ್ಲಿ ನಫೀಸಾಳ ಕಡೆಯ ಹಿರಿಯ ಹೆಂಗಸೊಬ್ಬರು ಬಂದು ಶಾಂತವ್ವನ ಎರಡೂ ಕೈ ಹಿಡಿದು ಬ್ಯಾರಿಯಲ್ಲಿ ಏನೋ ಹೇಳಿದರು. ಶಾಂತವ್ವ ಅದಕ್ಕೆ ತಮ್ಮ ಕನ್ನಡದಲ್ಲಿ ಉತ್ತರ ಕೊಟ್ಟರು. ಒಬ್ಬರದ್ದು ಇನ್ನೊಬ್ಬರಿಗೆ ಎಷ್ಟು ತಿಳಿಯಿತೋ, ಬಹಳ ಹೊತ್ತು ಮಾತಾಡಿದರು. ಲಕ್ಷ್ಮಿ ಅಳು ನಿಲ್ಲಿಸಿ ಅವರಿಬ್ಬರನ್ನೂ ನೋಡುತ್ತಾ ನಿಂತಳು.

ಮೂರು ವಾರದ ಮೇಲೆ ಕಾರ್ಕಳದಲ್ಲಿ ಎರಡನೆಯ ಪ್ರದರ್ಶನ. ಅಲ್ಲಿ ಶೆಟ್ಟರ ಹುಟ್ಟೂರಿನವರು, ನೆಂಟರು, ಅವರ ಅರ್ಥ ಕೇಳಿ ಬೆಳೆದವರು. ನಾನು ಬುದ್ಧಿವಂತಿಕೆಯಿಂದ ಪುಸ್ತಕ ತಿದ್ದಿದೆ. ಕಾಪುವಿನಲ್ಲಿ ಶಾಂತವ್ವ ಆಡಿದ ಮಾತುಗಳನ್ನೇ ಅವರ ಭಾಷೆಯಲ್ಲಿ ಬರೆದೆ, ಶೆಟ್ಟರ ಪ್ರಶ್ನೆಗಳನ್ನೂ ಬರೆದೆ. ಇನ್ನು ಯಾರಿಗೂ ಅಪಾಯವಿಲ್ಲ ಎಂದುಕೊಂಡೆ. ನನ್ನಂಥವರು ಪಾಠ ಕಲಿಯುವುದು ಇಷ್ಟೇ. ಟೆಂಪೋದಲ್ಲಿ ಹೋಗುವಾಗ ಶೆಟ್ಟರು ಯಾರ ಹತ್ತಿರವೂ ಮಾತಾಡಲಿಲ್ಲ. ಬೆಳ್ಮಣ್ಣಿನಲ್ಲಿ ಚಹಾಕ್ಕೆ ಇಳಿದಾಗ ಗೋಳಿಬಜೆಯನ್ನೂ ಮುಟ್ಟಲಿಲ್ಲ. ಕಿಟಕಿಯಾಚೆ ನೋಡುತ್ತಾ ತುಟಿ ಮಾತ್ರ ಆಡಿಸುತ್ತಿದ್ದರು. ನನಗೆ ಸಂಶಯ ಬಂದು ಶಾಂತವ್ವನ ಪಕ್ಕ ಕುಳಿತು, ಶೆಟ್ಟರು ಏನಾದರೂ ಅಡ್ಡಮಾತು ತೆಗೆದರೆ ಸುಮ್ಮನೆ ಪುಸ್ತಕದ್ದೇ ಹೇಳಿ ಮುಗಿಸಿಬಿಡಿ ಎಂದು ಪಿಸುಗುಟ್ಟಿದೆ. ಅವರು ಗೋಳಿಬಜೆ ಅಗಿಯುತ್ತಾ ತಲೆಯಾಡಿಸಿದರು. ಒಪ್ಪಿ ಆಡಿಸಿದ್ದೋ ಒಪ್ಪದೆ ಆಡಿಸಿದ್ದೋ ಗೊತ್ತಾಗಲಿಲ್ಲ.

ಆ ದೃಶ್ಯ ಬಂತು. ಶೆಟ್ಟರು ಬೀಗ ಹಾಕಿದರು. ಶಾಲು ಸರಿಪಡಿಸಿಕೊಂಡು, ತುಂಬಿದ ಹಾಲ್‌ಗೆ ಕೇಳುವಂತೆ ಕಂಚಿನ ಧ್ವನಿಯಲ್ಲಿ ಹೇಳಿದರು:

"ಈ ಬಾವಿ ನನ್ನ ಸೋದರಮಾವ ತೋಡಿಸಿದ್ದು."

ನಾನು ಪರದೆ ಹಿಡಿದುಕೊಂಡೆ. ಸೋದರಮಾವ ಎಂದರೆ ತಾಯಿಯ ಒಡಹುಟ್ಟು, ಇದೇ ಮನೆಯಲ್ಲಿ ಹುಟ್ಟಿದವನು. ಹೊರಗಿನಿಂದ ಬಂದವನಲ್ಲ. ಮೂರು ವಾರ ಕುಳಿತು ಮುದುಕರು ತಮ್ಮ ವಾದದ ತೂತು ಮುಚ್ಚಿದ್ದರು. ಶಾಂತವ್ವ ಆಡಬೇಕಾಗಿದ್ದ ಒಂದು ಮಾತೂ ಇನ್ನು ಉಪಯೋಗಕ್ಕೆ ಬರುವಂತಿರಲಿಲ್ಲ. ನನ್ನ ಪಕ್ಕದಲ್ಲಿ ನಫೀಸಾ, "ಈ ಅಜ್ಜನನ್ನು ಎಂತ ಮಾಡುವುದು ಟೀಚರೇ" ಎಂದಳು.

ಶಾಂತವ್ವ ಶೆಟ್ಟರ ಮುಖವನ್ನೇ ನೋಡಿದರು. ಆಮೇಲೆ ಸಣ್ಣಗೆ ನಕ್ಕರು. ಕೊಡ ಕೆಳಗಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾವಿಕಟ್ಟೆಯ ಮೇಲೆ ಕುಳಿತು, ಪಕ್ಕಕ್ಕೆ ಸರಿದು ಶೆಟ್ಟರಿಗೂ ಜಾಗ ಮಾಡಿದರು.

"ಬರ್ರಿ ಶೆಟ್ರ, ಕುಂದರ್ರಿ" ಎಂದರು. "ಕುಂತು ಮಾತಾಡೂಣು."